ಎರಡನೇ ದಿನ ಬನ್ನಿ

ಅವಳು ಹಲ್ಲು ಕಟ್ಟುವವಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಪ್ಲಾಸ್ಟರ್ ಸುರಿದು, ಒಸಡಿನ ಜಾಗಕ್ಕೆ ಮೇಣದ ದಿಣ್ಣೆ ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಅಗಿಯುವುದಕ್ಕೂ ನಗುವುದಕ್ಕೂ ಆಗುವಂಥ ಸೆಟ್ಟು ಮಾಡಿಕೊಡುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಅದೇ ಬೆಂಚು, ಅದೇ ಸ್ಟೂಲು. ಜೊತೆಯವರು ಹಲ್ಲಕ್ಕ ಎಂದು ಕರೆಯುತ್ತಿದ್ದರು. ಕೇಳಿ ಕೇಳಿ ಗಂಡನಿಗೂ ಅದೇ ಬಾಯಿಗೆ ಬಂದಿತ್ತು. ಲಿಫ್ಟ್ ರಿಪೇರಿ ಮಾಡುವವನು ಅವನು. ತಾನು ಜನರನ್ನು ಎತ್ತುತ್ತೇನೆ, ತನ್ನ ಹೆಂಡತಿ ಜನರ ಬಾಯಿ ಮುಚ್ಚಿಸುತ್ತಾಳೆ ಎಂದು ನೆಂಟರ ಮುಂದೆ ಹೇಳಿ ತಾನೇ ಮೊದಲು ನಗುತ್ತಿದ್ದ.

ಮದುವೆಯಾಗಿ ಆರು ವರ್ಷ. ಮೊದಲ ನಾಲ್ಕು ವರ್ಷ ಮಗುವಿನ ಮಾತು ಬಂದಾಗಲೆಲ್ಲ ಆಮೇಲೆ ನೋಡೋಣ ಎಂದು ಇಬ್ಬರೂ ಸೇರಿಯೇ ಮುಂದೂಡಿದ್ದರು. ಆಮೇಲೆ ನೋಡಿದಾಗ ಏನೂ ಕಾಣಲಿಲ್ಲ. ಎರಡು ವರ್ಷ ಹಾಗೇ ಹೋಯಿತು. ಅಷ್ಟರಲ್ಲಿ ಇಪ್ಪತ್ತೆಂಟು ದಿನಕ್ಕೆ ತಪ್ಪದೆ ಬರುತ್ತಿದ್ದ ಮುಟ್ಟು ಇಪ್ಪತ್ತಾರಕ್ಕೆ ಇಳಿಯಿತು, ಇಪ್ಪತ್ತಮೂರಕ್ಕೆ ಇಳಿಯಿತು. ಕೆಲಸ ಜಾಸ್ತಿಯಾಗಿದೆ, ನಿದ್ದೆ ಕಡಿಮೆಯಾಗಿದೆ ಎಂದು ಅವಳೇ ತನಗೆ ಸಮಾಧಾನ ಹೇಳಿಕೊಂಡಳು. ಕೊನೆಗೆ ಒಂದು ಮಂಗಳವಾರ ಬೆಳಿಗ್ಗೆ, ಜೋಡಿ ಲಿಫ್ಟಿನ ಒಂದು ಕಟ್ಟಡದ ಐದನೇ ಮಹಡಿಯಲ್ಲಿ, ಡಾಕ್ಟರಮ್ಮನ ಮೇಜಿನ ಮುಂದೆ ಇಬ್ಬರೂ ಕುಳಿತಿದ್ದರು.

ಡಾಕ್ಟರಮ್ಮ ಅರವತ್ತರ ಆಸುಪಾಸಿನವರು. ಸಕ್ಕರೆ ಬೆರೆಸಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ರಕ್ತ ಪರೀಕ್ಷೆಯ ಹಾಳೆಯನ್ನು ಅವಳ ಕಡೆಗೆ ತಿರುಗಿಸಿ ಒಂದು ಅಂಕಿಯ ಕೆಳಗೆ ಪೆನ್ನು ಇಟ್ಟರು. ಸೊನ್ನೆ, ಚುಕ್ಕೆ, ನಾಲ್ಕು.

"ಮೊಟ್ಟೆ ಪೂರ್ತಿ ಖಾಲಿ ಆಗಿಲ್ಲ," ಅಂದರು. "ಆದ್ರೆ ನಿಮ್ಮ ವಯಸ್ಸಿಗೆ ಎಷ್ಟಿರಬೇಕೋ ಅದಕ್ಕಿಂತ ತುಂಬಾ ಕಮ್ಮಿ ಇದೆ. ಇದು ನೀವು ಮಾಡಿದ ತಪ್ಪಲ್ಲ. ಕೆಲವರಿಗೆ ಬೇಗ ಮುಗಿಯುತ್ತೆ."

ಮುಂದಿನದನ್ನು ಅವರು ಬಿಡಿಸಿ ಹೇಳಿದರು. ಹತ್ತು ಹನ್ನೆರಡು ದಿನ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳಬೇಕು. ಮೊಟ್ಟೆ ಬೆಳೆದರೆ ಅರಿವಳಿಕೆ ಕೊಟ್ಟು ಹೊರಗೆ ತೆಗೆಯುತ್ತಾರೆ. ಹೊರಗೇ ಗಂಡನ ವೀರ್ಯ ಸೇರಿಸಿ, ಕೂಡಿಕೊಂಡರೆ ಮತ್ತೆ ಒಳಗೆ ಇಡುತ್ತಾರೆ. ಬೆಳೆಯದೆ ಇರಬಹುದು, ಬೆಳೆದರೂ ಸಿಗದೆ ಇರಬಹುದು, ಸಿಕ್ಕರೂ ಕೂಡದೆ ಇರಬಹುದು. ಬೇರೊಬ್ಬಳ ಮೊಟ್ಟೆ ಪಡೆಯುವ ದಾರಿಯೂ ಇದೆ, ದತ್ತು ತೆಗೆದುಕೊಳ್ಳುವ ದಾರಿಯೂ ಇದೆ. ಎಲ್ಲವನ್ನೂ ಯೋಚಿಸಿ ಎಂದರು. ಗಂಡ ಗಂಟಲು ಸರಿಮಾಡಿಕೊಂಡು, ಒಟ್ಟಿನಲ್ಲಿ ಆಗುವ ಸಾಧ್ಯತೆ ಎಷ್ಟು ಎಂದು ಕೇಳಿದ.

"ಇವರದೇ ಮೊಟ್ಟೆಯಿಂದ ಅಂದ್ರೆ, ಒಂದು ಸಲಕ್ಕೆ ಹತ್ತರಲ್ಲಿ ಒಂದು ಅಂದ್ಕೊಳ್ಳಿ. ಜಾಸ್ತಿ ಹೇಳಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ. ಮಾಡೋದಾದ್ರೆ ಕಾಯಬೇಡಿ. ಮುಟ್ಟಾದ ದಿನ ಫೋನ್ ಮಾಡಿ, ಎರಡನೇ ದಿನ ಬನ್ನಿ."

ಎದ್ದು ಹೊರಡುವಾಗ ಇನ್ನೊಂದು ಪ್ರಶ್ನೆ ಕೇಳಿದರು. ನಿಮ್ಮ ತಾಯಿಗೆ ಮುಟ್ಟು ನಿಂತಿದ್ದು ಎಷ್ಟನೇ ವಯಸ್ಸಿಗೆ? ಗೊತ್ತಿಲ್ಲ ಎಂದಳು ಹಲ್ಲಕ್ಕ. ಕೇಳಿಕೊಂಡು ಬನ್ನಿ ಎಂದರು. ಲಿಫ್ಟಿನಲ್ಲಿ ಇಳಿಯುವಾಗ ಇಬ್ಬರೂ ಮಾತಾಡಲಿಲ್ಲ. ಕೆಳಗೆ ಕಾವಲುಗಾರ ಗಂಡನನ್ನು ನೋಡಿ ಪರಿಚಯದವನಂತೆ ಕೈ ಎತ್ತಿದ. ಅವನು ತಲೆ ತಗ್ಗಿಸಿ ಸ್ಕೂಟರಿನ ಬೀಗದ ಕೈ ಹುಡುಕಿದ.

ಮುಂದಿನ ಮುಟ್ಟಿಗೆ ಇನ್ನು ಹನ್ನೆರಡು ದಿನ ಇತ್ತು. ಅಷ್ಟರೊಳಗೆ ಹೌದು ಎನ್ನಬೇಕು, ಇಲ್ಲವೇ ಬೇಡ ಎನ್ನಬೇಕು.

ಭಯ ಅವಳಿಗೆ ಹೊಸದಾಗಿತ್ತು. ಅಲ್ಲಿಯವರೆಗೆ ಕಟ್ಟಿದ ಸೆಟ್ಟು ಬಿರುಕು ಬಿಟ್ಟು ವಾಪಸು ಬಂದರೆ ಎದೆ ಒಂದು ಗಳಿಗೆ ಧಸಕ್ ಎನ್ನುತ್ತಿದ್ದುದು ಬಿಟ್ಟರೆ ಬೇರೆ ಭಯ ಕಂಡವಳಲ್ಲ. ಈಗ ಸ್ಪಿರಿಟ್ ದೀಪದ ಮೇಲೆ ಚಾಕು ಕಾಯಿಸಿ ಮೇಣ ಕರಗಿಸುವಾಗ, ಹತ್ತರಲ್ಲಿ ಒಂದು ಎನ್ನುವುದು ನೆನಪಾಗಿ ಎದುರಿಗಿದ್ದ ಪ್ಲಾಸ್ಟರ್ ಅಚ್ಚುಗಳನ್ನು ಎಣಿಸಿದಳು. ಹತ್ತು ಇದ್ದವು. ಯಾವುದು ಆ ಒಂದು ಎಂದು ನೋಡುತ್ತ ಕುಳಿತಳು. ಮೇಣ ಹನಿದು ಬೆರಳು ಸುಟ್ಟಿತು. ಪಕ್ಕದ ಬೆಂಚಿನವನು ಏನಾಯಿತು ಹಲ್ಲಕ್ಕ ಎಂದ. ಏನಿಲ್ಲ ಎಂದಳು. ದಿನಕ್ಕೆ ನಾಲ್ಕು ಸಲ ಬಚ್ಚಲಿಗೆ ಹೋಗಿ, ಇನ್ನೂ ಬಂದಿಲ್ಲ ತಾನೇ ಎಂದು ನೋಡಿಕೊಂಡು ಬರುತ್ತಿದ್ದಳು. ಎರಡು ವರ್ಷ ಬರಬೇಡ ಬರಬೇಡ ಎಂದು ಬೇಡಿಕೊಂಡಿದ್ದ ಮುಟ್ಟು ಈಗಲೂ ಬರಬೇಡ ಎನ್ನಿಸುತ್ತಿತ್ತು, ಕಾರಣ ಮಾತ್ರ ಬೇರೆ.

ಹೌದು ಎಂದರೆ ಸೂಜಿ, ಅರಿವಳಿಕೆ, ಫೋನಿಗಾಗಿ ಕಾಯುವುದು, ಹತ್ತರಲ್ಲಿ ಒಂಬತ್ತು ಪಾಲು ಕಣ್ಣೀರು. ಬೇಡ ಎಂದರೆ ನಲವತ್ತಾದಾಗ, ಐವತ್ತಾದಾಗ, ಆವತ್ತು ಹೋಗಬೇಕಿತ್ತೇನೋ ಎಂಬ ಮಾತು. ಅತ್ತ ದರಿ, ಇತ್ತ ಹುಲಿ. ಗಂಡನ ಹತ್ತಿರ ಕೇಳಿದರೆ ಅವನು ಹೇಳುತ್ತಿದ್ದುದು ಒಂದೇ.

"ನಿನ್ನಿಷ್ಟ. ನೀನು ಹೇಗಂದ್ರೆ ಹಾಗೆ."

ಒಳ್ಳೆಯತನದಿಂದಲೇ ಹೇಳುತ್ತಿದ್ದ. ಹೇಳಿ ಅವಳ ಬೆನ್ನು ಸವರುತ್ತಿದ್ದ. ಆದರೆ ಒಂದೊಂದು ಸಲ ಕೇಳಿದಾಗಲೂ ಅವಳ ಭಯ ಒಂದು ತೂಕ ಹೆಚ್ಚುತ್ತಿತ್ತು.

ಭಾನುವಾರ ತಾಯಿಯ ಮನೆಗೆ ಹೋದಳು. ಅಮ್ಮ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದವಳು. ಲೈನು ಜೋಡಿಸುತ್ತ ಜೋಡಿಸುತ್ತ ಊರಿನ ಗುಟ್ಟೆಲ್ಲ ಕಿವಿಗೆ ಬಿದ್ದರೂ ಒಂದನ್ನೂ ಬಾಯಿ ಬಿಡದೆ ನಿವೃತ್ತಳಾದವಳು ಎಂದು ಅಪ್ಪ ಬದುಕಿದ್ದಾಗ ಹೆಮ್ಮೆಯಿಂದ ಹೇಳುತ್ತಿದ್ದರು. ಈಗ ಅಮ್ಮನ ಜೊತೆ ಇರುವುದು ಹಲ್ಲಕ್ಕನ ತಂಗಿ. ಇಪ್ಪತ್ತೆಂಟು ವರ್ಷ, ಈಜು ಕಲಿಸುವವಳು, ಇನ್ನೂ ಮದುವೆಯಾಗಿಲ್ಲ. ಮನೆಯಲ್ಲಿ ಅವಳು ಪುಟ್ಟಿ. ಎತ್ತರದಲ್ಲಿ ಅಕ್ಕನಿಗಿಂತ ಒಂದು ಗೇಣು ಮೇಲೆ.

ಪುಟ್ಟಿ ಸ್ನಾನಕ್ಕೆ ಹೋಗಿದ್ದಳು. ಅಮ್ಮ ಇಸ್ತ್ರಿ ಮಾಡುತ್ತಿದ್ದಳು. ಹಲ್ಲಕ್ಕ ಪರೀಕ್ಷೆಯ ಸಂಗತಿಯನ್ನು ಎರಡು ಮಾತಿನಲ್ಲಿ ಹೇಳಿ ಡಾಕ್ಟರಮ್ಮನ ಪ್ರಶ್ನೆಯನ್ನು ಕೇಳಿದಳು. ಇಸ್ತ್ರಿ ಪೆಟ್ಟಿಗೆ ಒಂದು ಕಾಲರಿನ ಮೇಲೆ ನಿಂತಿತು. ಅಮ್ಮ ಅದನ್ನು ಎತ್ತಿ ಪಕ್ಕಕ್ಕಿಟ್ಟು ಸ್ವಿಚ್ ಆರಿಸಿದಳು.

"ಮೂವತ್ತೆಂಟಕ್ಕೆ," ಅಂದಳು.

ಹಲ್ಲಕ್ಕನಿಗೆ ತಾನು ಕೇಳಿದ್ದು ತಪ್ಪೇನೋ ಅನ್ನಿಸಿತು. ನಲವತ್ತೆಂಟಾ ಎಂದು ಮತ್ತೆ ಕೇಳಿದಳು. ಅಮ್ಮ ಇಲ್ಲ ಎಂದು ತಲೆಯಾಡಿಸಿದಳು.

ಆಮೇಲೆ ಅಮ್ಮ ಹೇಳಿದ್ದು ಹೀಗೆ. ಮುಟ್ಟು ನಿಂತಾಗ ಬಸುರಿ ಎಂದುಕೊಂಡಳು. ಪುಟ್ಟಿಗೆ ಆಗ ನಾಲ್ಕು ವರ್ಷ. ಇನ್ನೊಂದು ಬೇಕೆಂದು ಇರಲಿಲ್ಲ, ಆದರೂ ಖುಷಿಯಾಯಿತು. ಅಪ್ಪನಿಗೂ ಹೇಳಿದ್ದಳು. ಮೂರು ತಿಂಗಳು ಇಬ್ಬರೂ ಒಳಗೊಳಗೇ ಸಂಭ್ರಮಪಟ್ಟರು. ಆಸ್ಪತ್ರೆಗೆ ಹೋದಾಗ, ಮಗುವೂ ಇಲ್ಲ ಮಣ್ಣೂ ಇಲ್ಲ, ನಿಮ್ಮ ಮುಟ್ಟು ನಿಂತಿದೆ ಎಂದರು. ಮನೆಗೆ ಬಂದು ಅತ್ತೆಗೆ ಹೇಳಲಿಲ್ಲ, ಓರಗಿತ್ತಿಗೆ ಹೇಳಲಿಲ್ಲ, ಕಚೇರಿಯಲ್ಲಿ ಪಕ್ಕದ ಕುರ್ಚಿಯವಳಿಗೂ ಹೇಳಲಿಲ್ಲ.

"ಮೂವತ್ತೆಂಟಕ್ಕೇ ಮುದುಕಿ ಆದ್ಲು ಅಂತಾರೆ ಅನ್ನೋ ಭಯ," ಅಂದಳು ಅಮ್ಮ. "ಪ್ರತಿ ತಿಂಗಳು ಮುಟ್ಟಿನ ಬಟ್ಟೆಗಳನ್ನ ಸುಮ್ಮನೆ ನೆನೆಸಿ, ಒಗೆದು, ಹಿತ್ತಲಲ್ಲಿ ಒಣಗಿ ಹಾಕ್ತಿದ್ದೆ. ಎಲ್ಲರಿಗೂ ಕಾಣಲಿ ಅಂತ. ಹತ್ತು ವರ್ಷ ಮಾಡಿದೀನಿ."

ಹಲ್ಲಕ್ಕನಿಗೆ ಆ ಹಗ್ಗ ನೆನಪಿತ್ತು. ಆ ಬಟ್ಟೆಗಳನ್ನು ಎಷ್ಟೋ ಸಲ ತಾನೇ ಮಡಿಸಿ ಒಳಗೆ ತಂದಿದ್ದಳು. ಮೊದಲು ಬಂದದ್ದು ಸಿಟ್ಟು.

"ನನಗೊಂದು ಮಾತು ಹೇಳಿದ್ರೆ ನಾನು ನಾಲ್ಕು ವರ್ಷ ಕಾಯ್ತಿರ್ಲಿಲ್ಲ ಅಲ್ವಾ ಅಮ್ಮ?"

ಮಗಳಿಗೂ ಹಾಗೇ ಆಗಬಹುದು ಎಂದು ತನಗೆ ಯಾರೂ ಹೇಳಿರಲಿಲ್ಲ ಎಂದು ಅಮ್ಮ ಹೇಳಿದಳು. ಅದು ನಿಜವೇ ಇರಬೇಕು. ಆದರೆ ಅಷ್ಟರಲ್ಲಿ ಬಚ್ಚಲ ಬಾಗಿಲ ಹತ್ತಿರ ಪುಟ್ಟಿ ನಿಂತಿರುವುದನ್ನು ಇಬ್ಬರೂ ನೋಡಿದರು. ತಲೆಗೆ ಸುತ್ತಿದ ಟವೆಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಹಾಗಾದ್ರೆ ನನಗೂ ಅಷ್ಟೇನಾ?" ಅಂದಳು.

ಆಳದ ನೀರಿಗೆ ತಲೆಕೆಳಗಾಗಿ ಧುಮುಕುವ ಹುಡುಗಿ ಅವಳು. ಅವಳ ಮುಖದಲ್ಲಿ ಅಂಥ ಹೆದರಿಕೆಯನ್ನು ಹಲ್ಲಕ್ಕ ಎಂದೂ ನೋಡಿರಲಿಲ್ಲ. ಪರೀಕ್ಷೆ ಮಾಡಿಸಿಕೋ, ಒಂದು ರಕ್ತ ಪರೀಕ್ಷೆ ಅಷ್ಟೇ ಎಂದಳು. ಪುಟ್ಟಿ ಬೇಡ ಎಂದಳು. ಕಡಿಮೆ ಇದೆ ಎಂದು ಗೊತ್ತಾದರೆ ಏನು ಮಾಡಲಿ, ದಾರಿಯಲ್ಲಿ ಹೋಗುವವನನ್ನು ಹಿಡಿದು ಮದುವೆಯಾಗಲೇ ಎಂದಳು. ಆಮೇಲೆ ಅಕ್ಕನನ್ನೇ ಕೇಳಿದಳು, ನೀನು ಆ ಚಿಕಿತ್ಸೆ ಮಾಡಿಸಿಕೊಳ್ಳುತ್ತೀಯಾ? ಹಲ್ಲಕ್ಕ ಗೊತ್ತಿಲ್ಲ ಎಂದಳು. ನೋಡು, ನಿನಗೇ ಗೊತ್ತಿಲ್ಲ, ನನಗೆ ಬುದ್ಧಿ ಹೇಳುತ್ತೀಯ ಎಂದಳು ತಂಗಿ. ಸುಟ್ಟ ಕಾಲರಿನ ವಾಸನೆ ಕೋಣೆಯಲ್ಲಿ ಇನ್ನೂ ಇತ್ತು.

ಆವತ್ತಿನಿಂದ ಅವಳ ಭಯ ಇನ್ನೂ ಬೆಳೆಯಿತು. ಅಮ್ಮನಿಗೆ ಮೂವತ್ತೆಂಟು, ತನಗೆ ಮೂವತ್ತಾರು. ಎರಡು ವರ್ಷ ಇದೆಯೆಂದೂ ಇಲ್ಲ. ಮುಂದಿನ ತಿಂಗಳೇ ನಿಂತರೆ? ಅದನ್ನೇ ಯೋಚಿಸುತ್ತ ಒಂದು ಮುಂದಿನ ಹಲ್ಲನ್ನು ಸೊಟ್ಟ ಕೂರಿಸಿದಳು. ಲ್ಯಾಬಿನ ಯಜಮಾನರು ಅದನ್ನು ಬೆಳಕಿಗೆ ಹಿಡಿದು ನೋಡಿ, ಯಾರ ಮೇಲೆ ಸಿಟ್ಟಮ್ಮ, ಈ ಮನುಷ್ಯ ಜೀವಮಾನವಿಡೀ ಒಂದು ಕಡೆಗೇ ನಗಬೇಕಾಗುತ್ತದೆ ಎಂದರು. ಎಲ್ಲರೂ ನಕ್ಕರು. ಅವಳು ನಗಲು ಹೋಗಿ ಅಳು ಬಂದು, ಪ್ಲಾಸ್ಟರಿನ ಪುಡಿ ಕಣ್ಣಿಗೆ ಬಿತ್ತೆಂದು ಎದ್ದು ಹೋದಳು.

ಮಾರನೇ ದಿನ ಊಟದ ಬಿಡುವಿನಲ್ಲಿ ಗಂಡ ಕೆಲಸ ಮಾಡುತ್ತಿದ್ದ ಕಚೇರಿ ಕಟ್ಟಡಕ್ಕೆ ನಡೆದುಕೊಂಡೇ ಹೋದಳು. ಲಿಫ್ಟಿನ ಬಾಗಿಲಿಗೆ ದುರಸ್ತಿಯಲ್ಲಿದೆ ಎಂಬ ಹಲಗೆ ತೂಗಿತ್ತು. ಅವನು ಎರಡನೇ ಮಹಡಿಯ ಮೆಟ್ಟಿಲ ಮೇಲೆ ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಕುಳಿತು ಡಬ್ಬಿ ಬಿಚ್ಚುತ್ತಿದ್ದ. ಅವಳನ್ನು ನೋಡಿ ಗಾಬರಿಯಾಗಿ ಎದ್ದ. ಅವಳು ಕೈ ಹಿಡಿದು ಕೂರಿಸಿ ತಾನೂ ಪಕ್ಕದಲ್ಲಿ ಕುಳಿತಳು.

"ಇನ್ಮೇಲೆ ನಿನ್ನಿಷ್ಟ ಅನ್ಬೇಡಿ," ಅಂದಳು. "ನೀವು ಹಾಗಂದಾಗಲೆಲ್ಲ ನನ್ನೊಬ್ಬಳನ್ನೇ ಒಂದು ಕೋಣೆಗೆ ದಬ್ಬಿ ಹೊರಗಿಂದ ಚಿಲಕ ಹಾಕಿದ ಹಾಗಾಗುತ್ತೆ. ನಿಮಗೇನು ಬೇಕು ಹೇಳಿ."

ಅವನು ಡಬ್ಬಿಯ ಮುಚ್ಚಳವನ್ನು ಹಾಕಿದ, ತೆಗೆದ, ಮತ್ತೆ ಹಾಕಿದ.

"ನನಗೆ ಮಗು ಬೇಕು," ಅಂದ. "ಅದನ್ನ ಹೇಳಿದ್ರೆ ನೀನು ನನಗೋಸ್ಕರ ಹೋಗಿ ಚುಚ್ಚಿಸ್ಕೋತೀಯ. ಅದಕ್ಕೆ ಹೇಳ್ಲಿಲ್ಲ."

ಆಮೇಲೆ ಅವನು ಹೇಳಿದ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಡಾಕ್ಟರಮ್ಮನ ಕಟ್ಟಡದ ಲಿಫ್ಟುಗಳನ್ನು ಮೂರು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ಅವನೇ.

"ಒಂದು ಲಿಫ್ಟ್ ನಿಲ್ಲಿಸ್ಕೊಂಡು ಅದರ ತಲೆ ಮೇಲೆ ಕೂತು ಕೆಲಸ ಮಾಡ್ತಿರ್ತೀನಿ. ಪಕ್ಕದ್ದು ಓಡ್ತಾ ಇರುತ್ತೆ. ಒಳಗಿರೋರ ಮಾತೆಲ್ಲ ಕೇಳುತ್ತೆ. ಐದನೇ ಮಹಡಿಗೆ ಹತ್ತೋವಾಗ ಜನ ಮಾತಾಡ್ತಾರೆ. ಇಳಿಯೋವಾಗ ಅಳ್ತಾರೆ, ಇಲ್ಲ ಸುಮ್ಮನಿರ್ತಾರೆ. ಒಂದ್ಸಲ ಒಬ್ಬ 'ಹೋಗ್ಲಿ ಬಿಡೆ, ಹೋಗ್ಲಿ ಬಿಡೆ' ಅಂತ ಐದು ಮಹಡೀನೂ ಅದನ್ನೇ ಹೇಳ್ಕೊಂಡು ಇಳಿದ. ಅವಳು ಉಸಿರೂ ಬಿಡ್ಲಿಲ್ಲ. ಆ ದನಿ ನಂದೇ ಆಗ್ಬಿಟ್ರೆ ಅಂತ ನನಗೆ ಭಯ ಕಣೆ. ನೀನು ಅಳೋದನ್ನ ನೋಡ್ಬಹುದು. ಉಸಿರು ಬಿಡದೆ ನಿಂತಿರೋದನ್ನ ನೋಡೋಕಾಗಲ್ಲ."

ಒಂಬತ್ತು ಮಹಡಿಯ ಆಳದ ಮೇಲೆ ಒಂದು ಹಲಗೆಯಷ್ಟು ಜಾಗದಲ್ಲಿ ಕುಳಿತು ಬುತ್ತಿ ತಿನ್ನುವ ಮನುಷ್ಯ. ಅವನಿಗೂ ತನ್ನಷ್ಟೇ ಹೆದರಿಕೆ ಇದೆ ಎಂದು ತಿಳಿದು ಅವಳಿಗೆ ಸಮಾಧಾನವಾಯಿತು. ಇಬ್ಬರೂ ಇಷ್ಟೊಂದು ಹೆದರಿದ್ದರೆ ಬೇಡವೇ ಬೇಡ ಎಂದಳು. ಅವನು ಬಹಳ ಹೊತ್ತು ಸುಮ್ಮನಿದ್ದು, ಸರಿ, ಬೇಡ ಎಂದ. ಒಂದೇ ಡಬ್ಬಿಯಲ್ಲಿ ಇಬ್ಬರೂ ಉಂಡರು. ಅವಳು ಹಗುರವಾಗಿ ಕೆಲಸಕ್ಕೆ ಮರಳಿದಳು. ಎರಡು ದಿನ ಚೆನ್ನಾಗಿ ನಿದ್ದೆ ಬಂತು. ಸೊಟ್ಟ ಹಲ್ಲನ್ನು ಸರಿಮಾಡಿ ಹೊಳಪು ಕೊಟ್ಟು ಕಳಿಸಿದಳು.

ಮೂರನೇ ದಿನ ಮುಟ್ಟಾಯಿತು. ಇಪ್ಪತ್ತೊಂದಕ್ಕೇ. ಲೆಕ್ಕಕ್ಕಿಂತ ಎರಡು ದಿನ ಮೊದಲೇ.

ಬರುವುದಿಲ್ಲ ಎಂದು ಹೇಳಲು ಆಸ್ಪತ್ರೆಗೆ ಫೋನ್ ಮಾಡಿದಳು. ಆ ಕಡೆಯ ನರ್ಸು ಹೆಸರು ಕೇಳಿ, ಇವತ್ತು ಮೊದಲ ದಿನವಾ ಎಂದು ಕೇಳಿ, ನಾಳೆ ಹತ್ತಕ್ಕೆ ಸ್ಕ್ಯಾನಿಂಗಿಗೆ ಬನ್ನಿ ಎಂದು ಹೇಳಿ ಇಟ್ಟುಬಿಟ್ಟಳು. ಮತ್ತೆ ಮಾಡಬಹುದಿತ್ತು. ಮಾಡಲಿಲ್ಲ. ಎದುರಿಗೇ ಹೋಗಿ ಹೇಳುವುದು ಮರ್ಯಾದೆ, ಅಮ್ಮನ ವಯಸ್ಸಿನ ವಿಷಯವನ್ನೂ ತಿಳಿಸಿದ ಹಾಗಾಗುತ್ತದೆ ಎಂದುಕೊಂಡಳು. ಗಂಡನಿಗೂ ಹಾಗೇ ಹೇಳಿದಳು. ಅವನು ಬರುತ್ತೇನೆಂದ. ಎರಡು ನಿಮಿಷದ ಕೆಲಸಕ್ಕೆ ರಜೆ ಯಾಕೆ ಎಂದು ಒಬ್ಬಳೇ ಹೋದಳು.

ಮಾತು ಶುರುಮಾಡುವುದಕ್ಕೆ ಅವಕಾಶವೇ ಸಿಗಲಿಲ್ಲ. ನರ್ಸು ಪರದೆಯ ಹಿಂದೆ ಕರೆದು ಮಲಗಿಸಿದಳು. ಡಾಕ್ಟರಮ್ಮ ಕೈಗವಸು ಹಾಕಿಕೊಂಡು ಬಂದರು. ತಾಯಿಗೆ ಮೂವತ್ತೆಂಟಕ್ಕೆ ನಿಂತಿತಂತೆ ಎಂದಳು ಹಲ್ಲಕ್ಕ. ಅವರು ಹೂಂ ಎಂದು ಸ್ಕ್ಯಾನಿಂಗ್ ಯಂತ್ರದ ತೆರೆ ನೋಡುತ್ತಿದ್ದರು. ಮೇಲಿನ ದೀಪದ ಸುತ್ತ ಒಂದು ಕಂದು ಕಲೆ ಇತ್ತು. ಅದನ್ನೇ ನೋಡುತ್ತ, ಈಗ ಹೇಳುತ್ತೇನೆ, ಎದ್ದ ಕೂಡಲೇ ಹೇಳುತ್ತೇನೆ ಎಂದುಕೊಳ್ಳುತ್ತಿದ್ದಳು.

"ಎಡಗಡೆ ಅಂಡಾಶಯದಲ್ಲಿ ಒಂದು ದೊಡ್ಡ ನೀರುಗುಳ್ಳೆ ಆಗಿದೆ," ಅಂದರು ಡಾಕ್ಟರಮ್ಮ. "ಈ ತಿಂಗಳು ಶುರು ಮಾಡೋಕಾಗಲ್ಲ."

ಅವಳು ಬೇಡ ಎಂದು ಹೇಳಲು ಬಂದಿದ್ದಳು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಇನ್ನೊಬ್ಬರು ಮೊದಲೇ ಹೇಳಿಬಿಟ್ಟಾಗ, ಯಾರೋ ತನ್ನ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗೆ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಳು.

"ಮುಂದಿನ ತಿಂಗಳು?" ಎಂದು ಕೇಳಿದಳು. ಆ ದನಿ ತನ್ನದೇ ಎಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು. "ಮುಂದಿನ ತಿಂಗಳಿಗೆ ಇದು ಹೋಗುತ್ತಾ ಮೇಡಂ?"

ಸಾಮಾನ್ಯವಾಗಿ ಹೋಗುತ್ತದೆ, ಹೋಗದಿದ್ದರೂ ದಾರಿ ಇದೆ, ಆದರೆ ಈಗಲೇ ಮಾತು ಕೊಡಲಾರೆ ಎಂದರು. ಮೆಟ್ಟಿಲಿಳಿದು ಬೀದಿಗೆ ಬಂದು ಒಂದು ಔಷಧಿ ಅಂಗಡಿಯ ಮುಂದೆ ನಿಂತು ಗಂಡನಿಗೆ ಫೋನ್ ಮಾಡಿದಳು.

"ನನಗೆ ಬೇಕು ರೀ," ಅಂದಳು. "ಒಂದೇ ಒಂದ್ಸಲ. ಆಗದಿದ್ರೆ ಬಿಡೋಣ. ಆದ್ರೆ ಒಂದ್ಸಲ ಬೇಕು."

ಆ ಕಡೆ ಸುತ್ತಿಗೆಯ ಸದ್ದು ನಿಂತಿತು. ಸರಿ ಎಂದ. ಈ ಸಲ ಆ ಮಾತು ಬರಲು ತಡವಾಗಲಿಲ್ಲ.

ಹಾಗೆಂದು ಭಯ ಹೋಗಲಿಲ್ಲ, ಮಗ್ಗುಲು ಬದಲಾಯಿಸಿತು. ಈಗ ಗುಳ್ಳೆ ಕರಗದೇ ಹೋದರೆ ಎಂಬ ಭಯ. ಈ ತಿಂಗಳೇ ಎಲ್ಲ ಮುಗಿದುಬಿಟ್ಟರೆ ಎಂಬ ಭಯ. ಇಪ್ಪತ್ತು ದಿನ, ಇಪ್ಪತ್ತೊಂದು, ಇಪ್ಪತ್ತೈದು. ಮುಟ್ಟು ಬರಲಿಲ್ಲ. ಇಪ್ಪತ್ತೆಂಟರ ಹೊತ್ತಿಗೆ ಅವಳು ಊಟ ಬಿಟ್ಟಿದ್ದಳು. ಇಪ್ಪತ್ತೊಂಬತ್ತನೇ ದಿನ ಕೆಲಸದ ಜಾಗದ ಬಚ್ಚಲಲ್ಲಿ ರಕ್ತ ಕಂಡು ಗೋಡೆಗೆ ಒರಗಿ ನಿಂತು ಕೈ ಮುಗಿದಳು. ಎರಡನೇ ದಿನ ಇಬ್ಬರೂ ಹೋದರು. ಗುಳ್ಳೆ ಕರಗಿತ್ತು. ತೆರೆಯ ಮೇಲೆ ಬಲಗಡೆ ಎರಡು, ಎಡಗಡೆ ಒಂದು ಪುಟ್ಟ ಕಪ್ಪು ಚುಕ್ಕೆ, ಒಂದೊಂದರಲ್ಲೂ ಒಂದು ಮೊಟ್ಟೆ ಇರಬಹುದು. ಇಷ್ಟೇ ನಮ್ಮ ಬಂಡವಾಳ, ಶುರು ಮಾಡೋಣ ಎಂದರು ಡಾಕ್ಟರಮ್ಮ.

ಸೂಜಿ ಹಾಕುವುದನ್ನು ಗಂಡ ಕಲಿತುಕೊಂಡಿದ್ದ. ಆದರೆ ಮೊದಲ ದಿನ ಅವಳ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದವನಿಗೆ ಹಣೆಯಲ್ಲಿ ಬೆವರು ಇಳಿಯಿತು. ಅವಳು ಅವನ ಕೈಯಿಂದ ತೆಗೆದುಕೊಂಡು ತಾನೇ ಚುಚ್ಚಿಕೊಂಡಳು. ಮೇಣದಲ್ಲಿ ಕೂದಲೆಳೆಯಷ್ಟು ಗೀರು ಹಾಕುವ ಕೈ ಅದು, ನಡುಗಲಿಲ್ಲ. ಅವನು ಪಕ್ಕದಲ್ಲಿ ನಿಂತು ಹತ್ತಿ ಹಿಡಿದುಕೊಂಡ. ಹನ್ನೊಂದು ದಿನ ಹಾಗೇ ನಡೆಯಿತು. ಹೊಟ್ಟೆಯ ಮೇಲೆ ನೀಲಿ ಕಲೆಗಳು ಬಿದ್ದವು. ಮೂರು ಚುಕ್ಕೆಗಳಲ್ಲಿ ಒಂದು ಬೆಳೆಯದೆ ನಿಂತುಹೋಯಿತು. ಉಳಿದೆರಡನ್ನು ಪ್ರತಿ ಸಲ ಅಳೆಯುವಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು.

ಮೊಟ್ಟೆ ತೆಗೆಯುವ ದಿನ ಅರಿವಳಿಕೆ ಕೊಡುವ ಡಾಕ್ಟರು ಕೈಗೆ ಸೂಜಿ ಹಾಕುವಾಗ, ನಾನು ಏಳುತ್ತೇನೆ ತಾನೇ ಎಂದು ಕೇಳಿದಳು. ಅವರು ನಕ್ಕು, ಸಂಜೆ ಮನೆಯಲ್ಲಿ ಜಗಳವಾಡುತ್ತೀರಿ ಎಂದರು. ಎದ್ದಾಗ ಗಂಡ ಮಂಚದ ಪಕ್ಕ ಕುಳಿತು ಅವಳ ಪಾದ ಹಿಡಿದುಕೊಂಡಿದ್ದ. ಒಂದು ಸಿಕ್ಕಿತು ಎಂದ. ಎರಡರಲ್ಲಿ ಒಂದು ಬರಿದಾಗಿತ್ತು.

ಮಾರನೇ ದಿನ ಹನ್ನೊಂದು ಗಂಟೆಗೆ ಫೋನು ಬಂತು. ಕೂಡಿಕೊಂಡಿದೆ ಎಂದರು. ಮೂರನೇ ದಿನ ಅದನ್ನು ಒಳಗೆ ಇಟ್ಟರು. ಆಮೇಲಿನ ಎರಡು ವಾರ ಅವಳು ಮೆಟ್ಟಿಲು ಹತ್ತುವಾಗಲೂ ಕೆಮ್ಮುವಾಗಲೂ ಹೆದರಿದಳು. ಕೆಮ್ಮಿದರೆ ಏನೂ ಆಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರೂ ಕೆಮ್ಮು ಬಂದರೆ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು. ಅಮ್ಮ ಪ್ರತಿ ದಿನ ಫೋನ್ ಮಾಡಿ, ಏನೂ ಕೇಳದೆ, ಬಿಸಿಲು ಜಾಸ್ತಿ, ನೀರು ಕುಡಿ ಎಂದು ಹೇಳಿ ಇಡುತ್ತಿದ್ದಳು.

ರಕ್ತ ಪರೀಕ್ಷೆಯ ಫಲಿತಾಂಶ ಮಧ್ಯಾಹ್ನ ಬಂತು. ಇಲ್ಲ.

ಡಾಕ್ಟರಮ್ಮ ತಾವೇ ಫೋನ್ ಮಾಡಿ ಹೇಳಿದರು. ಇನ್ನೊಂದು ಸಲ ಪ್ರಯತ್ನಿಸಬಹುದು, ಅವಸರವಿಲ್ಲ, ಯೋಚಿಸಿ ಎಂದರು. ಹಲ್ಲಕ್ಕ ಹೂಂ ಎಂದಳು. ಗಂಡ ಆವತ್ತು ರಜೆ ಹಾಕಿ ಮನೆಯಲ್ಲೇ ಇದ್ದ. ಇಬ್ಬರೂ ಹಾಲಿನಲ್ಲಿ ನಿಂತೇ ಇದ್ದರು. ಅವಳು ಅಳಲಿಲ್ಲ. ಅವನು ಹೋಗಲಿ ಬಿಡು ಎನ್ನಲಿಲ್ಲ. ಆ ಮಾತು ಬರದ ಹಾಗೆ ತುಟಿ ಕಚ್ಚಿ ಹಿಡಿದಿದ್ದು ಅವಳಿಗೆ ಕಾಣಿಸಿತು. ಸ್ವಲ್ಪ ಹೊತ್ತಾದ ಮೇಲೆ ಉಸಿರು ಬಿಡು ಕಣೆ ಎಂದ. ಅವಳು ಬಿಟ್ಟಳು.

ಒಂದೇ ಸಲ ಎಂದು ಮಾತಾಗಿತ್ತು. ಆ ಮಾತನ್ನು ಅವರು ಮುರಿಯಲಿಲ್ಲ. ಇನ್ನೊಂದು ಸಲ ಹೋಗಿದ್ದರೆ ಎಂಬ ಪ್ರಶ್ನೆ ಅವಳನ್ನು ಕಾಡಿತು, ಕೆಲವು ದಿನ ಜೋರಾಗಿಯೇ ಕಾಡಿತು. ದತ್ತಿನ ಅರ್ಜಿಯ ಹಾಳೆಗಳನ್ನು ಗಂಡ ಒಂದು ದಿನ ತಂದು ಕಪಾಟಿನಲ್ಲಿಟ್ಟ. ಅದನ್ನು ಓದುವುದಕ್ಕೆ ಅವಳಿಗೆ ಇನ್ನೂ ಮನಸ್ಸು ಬಂದಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಆರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಪುಟ್ಟಿ ಅವಳ ಬೆಂಚಿನ ಹತ್ತಿರಕ್ಕೇ ಬಂದಳು. ಸ್ಕ್ಯಾನಿಂಗಿಗೆ ಸಮಯ ತೆಗೆದುಕೊಂಡಿದ್ದೇನೆ, ಹನ್ನೊಂದೂವರೆಗೆ, ಈಗ ಹೋಗದಿದ್ದರೆ ಇನ್ನು ಯಾವತ್ತೂ ಹೋಗುವುದಿಲ್ಲ, ಜೊತೆಗೆ ಬಾ ಎಂದಳು. ಅವಳ ಕೂದಲಲ್ಲಿ ಈಜುಕೊಳದ ನೀರಿನ ವಾಸನೆ ಇತ್ತು. ಹಲ್ಲಕ್ಕ ಏಪ್ರನ್ ಬಿಚ್ಚಿ ಹೊರಟಳು.

ಅದೇ ಮಹಡಿ, ಅದೇ ಕುರ್ಚಿಗಳು. ಹಲ್ಲಕ್ಕ ಹೊರಗೆ ಕುಳಿತಳು. ತನ್ನ ಸಲುವಾಗಿ ಪಟ್ಟ ಹೆದರಿಕೆ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಎದುರು ಗೋಡೆಯ ಬಣ್ಣ, ಕುಂಡದ ಗಿಡ, ನೀರಿನ ಡಬ್ಬ, ಯಾವುದರ ಮೇಲೂ ಕಣ್ಣು ನಿಲ್ಲಲಿಲ್ಲ. ಬಾಗಿಲು ತೆರೆದು ಪುಟ್ಟಿ ಹೊರಗೆ ಬಂದಳು.

"ಹನ್ನೊಂದು ಚುಕ್ಕೆ ಇದೆಯಂತೆ," ಅಂದಳು ಪುಟ್ಟಿ. ಅವಳ ತುಟಿ ಬಿಳಿಚಿತ್ತು. "ಡಾಕ್ಟರು ಏನೇನೋ ಹೇಳಿದ್ರು, ನನಗೊಂದೂ ಕೇಳಿಸ್ಲಿಲ್ಲ. ಅದು ಒಳ್ಳೇದಾ ಕೆಟ್ಟದ್ದಾ ಅಕ್ಕ?"

"ಒಳ್ಳೇದು ಕಣೆ," ಅಂದಳು ಹಲ್ಲಕ್ಕ. "ತುಂಬಾ ಒಳ್ಳೇದು. ನಿನಗಿನ್ನೂ ಸಮಯ ಇದೆ. ಆದ್ರೆ ನನ್ನ ಹಾಗೆ ಆಮೇಲೆ ಆಮೇಲೆ ಅನ್ಬೇಡ."

ಹೇಳುತ್ತಿದ್ದ ಹಾಗೆ ಅವಳಿಗೆ ಅಳು ಬಂತು. ಫಲಿತಾಂಶ ಬಂದ ದಿನದಿಂದ ಬಾರದಿದ್ದದ್ದು, ಆ ಕುರ್ಚಿಯ ಮೇಲೆ, ಅಷ್ಟು ಜನರ ಮುಂದೆ ಬಂತು. ಪುಟ್ಟಿ ನೆಲದ ಮೇಲೆ ಕುಳಿತು ಅಕ್ಕನ ಮಡಿಲಲ್ಲಿ ತಲೆಯಿಟ್ಟಳು. ಪಕ್ಕದ ಕುರ್ಚಿಯಲ್ಲಿದ್ದ ಒಬ್ಬ ಹೆಂಗಸು, ತನ್ನ ಸರದಿಗೆ ಕಾಯುತ್ತಿದ್ದವಳು, ಏನನ್ನೂ ಕೇಳದೆ ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.